ಮಾಮಾನ ಹಿಮ್ಮೇಳ

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಒಂದು ಮಾತನ್ನೂ ತಾವಾಗಿ ಶುರು ಮಾಡಿದವರಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ಶಹಾಬಾದಿಗೆ ಹೋಗಿ ಹಳಬರನ್ನು ಯಾರನ್ನಾದರೂ ಕೇಳಿ ನೋಡಿ. ಮಾಮಾ ಆಡುತ್ತಿದ್ದುದೆಲ್ಲ ಬೇರೆಯವರ ಮಾತಿನ ಬಾಲ. "ಇವತ್ತ ಬಿಸಲು ಭಾಳ ಅದ" ಎಂದು ನೀವು ಹೇಳಿದರೆ, "ಭಾಳ ಅದ" ಎಂದು ಅವರು ತಲೆದೂಗುವರು. ಹೊಸಬರಿಗೆ ಇದು ಅಣಕದಂತೆ ಕೇಳಿ ಸಿಟ್ಟು ಬರುತ್ತಿತ್ತು. ಪರಿಚಯವಾದ ಮೇಲೆ ಮಾತ್ರ, ತಮ್ಮ ಮಾತನ್ನು ಇಷ್ಟು ಪೂರ್ತಿಯಾಗಿ ಒಪ್ಪುವ ಮನುಷ್ಯ ಲೋಕದಲ್ಲಿ ಇನ್ನೊಬ್ಬನಿಲ್ಲ ಎಂದು ಅವರನ್ನು ಬಿಟ್ಟು ಏಳುತ್ತಲೇ ಇರಲಿಲ್ಲ.

ಅವರ ಮದುವೆಯಾದದ್ದೂ ಹೀಗೆಯೇ. ನಮ್ಮ ಅಜ್ಜ ಗುಂಡಗುರ್ತಿಯಲ್ಲಿ ಒಂದು ಮನೆಯ ಹಿರಿಯ ಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಮಾನನ್ನು ಕರೆದುಕೊಂಡು ಹೋಗಿದ್ದರು. ಹೆಣ್ಣಿನ ಅಪ್ಪ ತಮಾಷೆಯ ಮನುಷ್ಯ. ಚಹಾ ಕೈಗೆ ಕೊಡುತ್ತಾ, "ಏನಪಾ, ದೊಡ್ಡಾಕಿನ್ನ ಕೊಡ್ಲೋ, ಸಣ್ಣಾಕಿನ್ನ ಕೊಡ್ಲೋ?" ಎಂದು ನಗೆಯಾಡಿದರು. ಮಾಮಾ ಚಹಾದ ಬಸಿಯಿಂದ ಬಾಯಿ ತೆಗೆದು "ಸಣ್ಣಾಕಿನ್ನ ಕೊಡ್ರಿ" ಎಂದುಬಿಟ್ಟರು! ಅಜ್ಜನ ಮುಖ ಕಪ್ಪಿಟ್ಟಿತು. ಹತ್ತು ಜನರ ಮುಂದೆ ಆಡಿದ ಮಾತು, ಹಿಂದೆ ತೆಗೆದುಕೊಳ್ಳುವುದು ಹೇಗೆ? ಸಣ್ಣಾಕೆಯೇ ನಮ್ಮ ಅತ್ತೆಯಾದಳು. "ನಮ್ಮಪ್ಪ ಆ ಮಾತು ತಿರುಗಿಸಿ ಕೇಳಿದ್ರ ನಾ ಪಾರಾಗ್ತಿದ್ದೆ" ಎಂದು ಅವಳು ರೊಟ್ಟಿ ಬಡಿಯುತ್ತಾ ಬಂದವರಿಗೆಲ್ಲ ಹೇಳುವಳು. "ಪಾರಾಗ್ತಿದ್ದಿ" ಎನ್ನುವರು ಮಾಮಾ, ರೊಟ್ಟಿ ಮುರಿಯುತ್ತಾ. ಇಂಥ ಗಂಡನೊಡನೆ ಜಗಳವಾದರೂ ಹೇಗೆ ಆಡುವುದು ಹೇಳಿ!

ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ಅವರೊಡನೆ ನಿಂತಿದ್ದೆ. ರೈಲ್ವೆ ಜಮಾದಾರನೊಬ್ಬ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ಸೊಲ್ಲಾಪುರದ ಗಾಡಿ ಆಚೆ ಬರುತ್ತದೆ ಎಂದು ಕೂಗಿದ. ಈ ತುದಿಯಲ್ಲಿ ಮಾಮಾ "ಆಚಿಗಿ ಬರ್ತದ" ಎಂದರು. ಅವರ ದನಿಯೇನು ಸಾಮಾನ್ಯವೇ? ಕಲ್ಲಿನ ಖಣಿಯಲ್ಲಿ ಪಳಗಿದ ದನಿ. ಹೆಂಗಸರು, ಮಕ್ಕಳು, ಗಂಟುಮೂಟೆ ಎಲ್ಲ ಹಳಿ ದಾಟಿ ಆಚೆ ಹೋದವು. ಜಮಾದಾರ ಮರುಗಳಿಗೆಯಲ್ಲೇ, ಆಚೆಯಲ್ಲ, ಈಚೆ ಎಂದು ತಿದ್ದಿಕೊಂಡ. ಮಾಮಾ ಅದನ್ನೂ ನಿಷ್ಠೆಯಿಂದ ಎತ್ತಿ ಹೇಳಿದರು. ಗಂಟುಮೂಟೆ ಹೊತ್ತು ವಾಪಸು ಬಂದ ಜನ ಜಮಾದಾರನನ್ನು ಬಿಟ್ಟು ಮಾಮಾನನ್ನು ಬೈದರು. ಆ ಬೈಗುಳಗಳ ಬಾಲ ಹಿಡಿಯುವ ಮೊದಲೇ ನಾನು ಅವರನ್ನು ಎಳೆದುಕೊಂಡು ಬಂದೆ.

ಈ ಚಟ ಎಲ್ಲಿಂದ ಅಂಟಿತು ಅನ್ನುವಿರೋ? ಮಾಮಾ ಹಿಮ್ಮೇಳದವರು. ನಮ್ಮ ಕಡೆ ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಮುಂದಿನವನು ಒಂದು ಸಾಲು ಹಾಡಿ ಬಿಡುತ್ತಾನೆ. ಹಿಂದಿನವನು ಆ ಸಾಲಿನ ಕೊನೆಯನ್ನು ಎತ್ತಿ ಹಿಡಿಯುತ್ತಾನೆ. ಅಷ್ಟರಲ್ಲಿ ಮುಂದಿನವನು ಉಸಿರು ತೆಗೆದುಕೊಳ್ಳಬೇಕು. ಮಾಮಾನ ಮುಂದಿನವನು ಮಹಬೂಬ್‌ಸಾಬ. ಇಬ್ಬರೂ ಒಂದೇ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುವವರು. ದೊಡ್ಡ ಫರಸಿಯನ್ನು ಇಬ್ಬರು ಹೊರಬೇಕಲ್ಲವೇ, ಆಗಲೂ ಮಹಬೂಬ್‌ಸಾಬ ಮುಂದೆ, ಮಾಮಾ ಹಿಂದೆ. ಹೊರುತ್ತಲೇ ಪದ ಕಟ್ಟುತ್ತಿದ್ದರು. ಅಲ್ಲ, ಕಟ್ಟುತ್ತಿದ್ದವನು ಮಹಬೂಬ್‌ಸಾಬ. ಮಾಮಾ ಬಾಲ ಹಿಡಿಯುತ್ತಿದ್ದರು. ಇಪ್ಪತ್ತು ವರ್ಷ ಹೀಗೆ ನಡೆದರೆ ಯಾರ ಬಾಯಾದರೂ ಹಾಗೆಯೇ ಆಗುತ್ತದೆ.

ನಲವತ್ತೆಂಟರಲ್ಲಿ ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಆ್ಯಕ್ಷನ್ ಆದ ದಿನಗಳಲ್ಲಿ ಊರೂರಿನಲ್ಲೂ ಹೆದರಿಕೆ ತುಂಬಿತ್ತು. ಒಂದು ಬೆಳಿಗ್ಗೆ ಮಹಬೂಬ್‌ಸಾಬ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗಾಡಿ ಹತ್ತಿದ. ಯಾರಿಗೂ ಹೇಳಿ ಹೋಗಲಿಲ್ಲ. ಮಾಮಾನಿಗೂ ಹೇಳಲಿಲ್ಲ. ಹೈದರಾಬಾದಿನಲ್ಲಿ ಇದ್ದಾನೆ ಎಂದರು ಕೆಲವರು, ಕರಾಚಿಗೆ ಹೋದ ಎಂದರು ಕೆಲವರು. ಮುಂದಿನ ಮೊಹರಮ್ಮಿಗೆ ಬೇರೆ ಮೇಳದವರು ಮಾಮಾನನ್ನು ಕರೆದರು. ಇವರು ಹೋಗಿ ಹಾಡಿದರು. ಆದರೆ ಇವರು ಬಾಲ ಹಿಡಿದು ಎಳೆಯುತ್ತಿದ್ದುದು ಮಹಬೂಬ್‌ಸಾಬನ ಉಸಿರಿನ ಅಳತೆಗೆ. ಹೊಸ ಹಾಡುಗಾರ ಉಸಿರು ತೆಗೆದುಕೊಂಡು, ಕೆಮ್ಮಿ, ಎಲೆ ಅಡಿಕೆ ಹಾಕಿಕೊಂಡರೂ ಇವರದು ಮುಗಿಯುತ್ತಿರಲಿಲ್ಲವಂತೆ! ಮರುವರ್ಷ ಯಾರೂ ಕರೆಯಲಿಲ್ಲ. ಹಾಡಲು ಜಾಗವಿಲ್ಲದಾದ ಮೇಲೆಯೇ ಅವರು ಊರವರ ಮಾತಿನ ಬಾಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದದ್ದು ಎಂದು ಅತ್ತೆ ಹೇಳುತ್ತಿದ್ದಳು.

ಆಗ ನಾನು ಸೇಡಂನಲ್ಲಿ ಹೊಸ ಮಾಸ್ತರ. ನಮ್ಮ ಶಾಲೆಯವರೂ ಊರಿನ ಹಿರಿಯರೂ ಸೇರಿ ಸುತ್ತಲಿನ ಹಾಡುಗಾರರನ್ನೆಲ್ಲ ಕರೆದು ಒಂದು ಹಾಡಿನ ಮೇಳ ಮಾಡಬೇಕೆಂದು ಹೊರಟೆವು. ಡಂಗುರ ಹೊಡೆಸಿದೆವು. ಮಾಮಾನನ್ನು ಕರೆಯಲು ನಾನೇ ಶಹಾಬಾದಿಗೆ ಹೋದೆ. ಕೂತು ಕೇಳಲು ಬರ್ರಿ ಎಂದೆ. ಅವರು ಬಾಲ ಹಿಡಿಯಲಿಲ್ಲ. "ಡಂಗುರ ಎಲ್ಲಿ ತನಕ ಹೋಗ್ಯದ?" ಎಂದು ಕೇಳಿದರು. ಮಾಮಾ ಪ್ರಶ್ನೆ ಕೇಳುವುದೆಂದರೇನು! ನನಗೆ ಗಾಬರಿಯೇ ಆಯಿತು. ಡಂಗುರ ಚಿಂಚೋಳಿ ದಾಟಿಲ್ಲ, ಆದರೆ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ ಎಂದೆ.

"ಬಾಯಿಂದ ಬಾಯಿಗೆ ಹೋಗ್ತದ" ಎಂದು ಮಾಮಾ ಎರಡು ಸಲ ಹೇಳಿಕೊಂಡರು. ಆಮೇಲೆ, "ನಮ್ಮ ಜೋಡಿನೂ ಅದ ಅಂತ ಹೇಳು. ಕೇಳಿದ್ರ ಅಂವ ಬರ್ತಾನ" ಎಂದರು. ನಾನು ಸೇಡಂಗೆ ಬಂದು ಹಾಡುಗಾರರ ಪಟ್ಟಿಯಲ್ಲಿ ಅವರ ಜೋಡಿಯನ್ನೂ ಬರೆಸಿದೆ.

ಮೇಳದ ದಿನ ಮಾಮಾ ಎಲ್ಲರಿಗಿಂತ ಮೊದಲೇ ಬಂದು ಶಾಲೆಯ ಬಾಗಿಲಿನಲ್ಲಿ ನಿಂತರು. ಒಂದೊಂದು ಗಾಡಿಯನ್ನೂ ಇಣುಕಿ ನೋಡಿದರು. ಮಧ್ಯಾಹ್ನ ಹಾಡು ಶುರುವಾಯಿತು ನೋಡಿ, ಅವರ ಕಾಲು ನಿಲ್ಲಲಿಲ್ಲ. ಗಡಿಯ ಕಡೆಯಿಂದ ತೆಲುಗಿನ ಬುರ್ರಕಥೆಯವರು ಬಂದಿದ್ದರು: ನಡುವೆ ಕಥೆ ಹೇಳುವವನು, ಎಡಕ್ಕೆ ಬಲಕ್ಕೆ ಡಕ್ಕಿ ಬಾರಿಸುತ್ತಾ ದನಿಗೂಡಿಸುವ ಇಬ್ಬರು. ಸ್ವಲ್ಪ ಹೊತ್ತಿನಲ್ಲಿ ದನಿಗೂಡಿಸುವವರು ಮೂವರಾದರು! ಮಾಮಾನಿಗೆ ತೆಲುಗು ಬರುವುದಿಲ್ಲ. ಬಾಲ ಹಿಡಿಯಲು ಭಾಷೆ ಯಾಕೆ ಬೇಕು? ಕಥೆ ಹೇಳುವವನು ತಿರುಗಿ ತಿರುಗಿ ನೋಡಿದ, ಕೊನೆಗೆ ಆ ಗಟ್ಟಿ ದನಿ ಹಿಡಿಸಿತೋ ಏನೋ, ನಕ್ಕು ಕಥೆ ಮುಂದುವರಿಸಿದ.

ಚೌಡಿಕೆ ಮೀಟುತ್ತಾ ದೇವಿಯ ಪದ ಹಾಡುವ ಚಿತ್ತಾಪುರದ ಹೆಂಗಸರ ಹಿಂದೆಯೂ ಮಾಮಾ ನಿಂತರು. ಏಕತಾರಿ ಹಿಡಿದು ಒಬ್ಬನೇ ಹಾಡುವ ಶಹಾಬಾದಿನ ಮುದುಕ ಫಕೀರನ ಹಿಂದೆಯೂ ನಿಂತರು. ತಾಂಡಾದ ಲಂಬಾಣಿ ಹೆಂಗಸರು ಸುತ್ತಾಗಿ ನಿಂತು ಹಾಡುವಾಗ ಅಲ್ಲಿಗೂ ಹೋದರು. ಅವರಲ್ಲಿ ಹಿರಿಯಳೊಬ್ಬಳು ಹಾಡು ನಿಲ್ಲಿಸಿ, ಈ ಗಂಡಸಿಗೆ ಇಲ್ಲೇನು ಕೆಲಸ ಎಂಬಂತೆ ತನ್ನ ಭಾಷೆಯಲ್ಲಿ ಚೆನ್ನಾಗಿ ಬೈದಳು. ಮಾಮಾ ಆ ಬೈಗುಳದ ಕೊನೆಯನ್ನೂ ರಾಗವಾಗಿ ಎತ್ತಿ ಹಿಡಿದರು. ಹೆಂಗಸರು ಕನ್ನಡಿಯ ಕುಪ್ಪಸಗಳು ಕುಲುಕುವಂತೆ ನಕ್ಕದ್ದೇ ನಕ್ಕದ್ದು, ಹಾಡು ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯಿತು.

ನಾನೂ ನಕ್ಕೆ. ಆದರೆ ಹತ್ತಿರ ಹೋದಾಗ ಕಂಡದ್ದು ಬೇರೆ. ಎಲ್ಲರ ಹಾಡಿಗೂ ದನಿ ಕೊಡುತ್ತಿದ್ದ ಮಾಮಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣು ಬಾಗಿಲಿನ ಮೇಲಿತ್ತು. ತಲೆಯ ಮೇಲೆ ಟೋಪಿಯಿದ್ದವರು ಯಾರು ಒಳಗೆ ಬಂದರೂ ದನಿ ಸ್ವಲ್ಪ ಏರುತ್ತಿತ್ತು, ಬಂದವನು ಬೇರೆ ಯಾರೋ ಎಂದು ತಿಳಿದಾಗ ಇಳಿಯುತ್ತಿತ್ತು. ಅಷ್ಟು ಜನ, ಅಷ್ಟು ಹಾಡು, ಅದರ ನಡುವೆ ಅಷ್ಟು ಒಂಟಿಯಾಗಿದ್ದ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಹೊತ್ತು ಮುಳುಗುವಾಗ ಇವರ ಸರದಿ ಬಂತು. ಮುಂದೆ ಹಾಡುವವರು ಎಲ್ಲಿ ಎಂದು ಹೆಡ್‌ಮಾಸ್ತರರು ಕೇಳಿದರು. ಬರುತ್ತಾನೆ ಎಂದು ಮಾಮಾ ಕಟ್ಟೆ ಹತ್ತಿದರು. ಹತ್ತಿ, ಎಡಕ್ಕೆ ಸರಿದು, ಒಂದು ಹೆಜ್ಜೆ ಹಿಂದೆ ನಿಂತರು. ನಡುವಿನ ಜಾಗ ಖಾಲಿ. ಜನ ಕಾದರು. ಹೆಡ್‌ಮಾಸ್ತರರು ಪಾಪ, ನಾಚಿಕೊಂಡಿರಬೇಕು ಎಂದುಕೊಂಡು, "ಮುಂದ ಬರ್ರಿ" ಎಂದು ಮೆಲ್ಲಗೆ ಕರೆದರು. "ಮುಂದ ಬರ್ರಿ" ಎಂದರು ಮಾಮಾ, ಆ ಖಾಲಿ ಜಾಗಕ್ಕೆ.

ಆಮೇಲೆ ಕಣ್ಣು ಮುಚ್ಚಿ ಕೈಯಲ್ಲಿ ತಾಳ ಹಾಕತೊಡಗಿದರು. ಒಂದು ಸಾಲು ಹಾಡುವಷ್ಟು ಹೊತ್ತು ಸುಮ್ಮನೆ ಇದ್ದು, ದನಿ ಎತ್ತಿದರು:

"...ಕುದುರಿ ಒಂದೇ ನಿಂತಾದೋ..."

ಮತ್ತೆ ಸುಮ್ಮನೆ, ಬರೀ ತಾಳ. ಮತ್ತೆ ಒಂದು ಬಾಲ.

"...ನೀರು ಕುಡಿಯದೇ ನಿಂತಾದೋ..."

ಜನ ಮೊದಲು ನಕ್ಕರು. ತಲೆಯಿಲ್ಲದ ಹಾಡು ಎಂದು ಯಾರೋ ಅಂದದ್ದೂ ನನಗೆ ಕೇಳಿಸಿತು. ಮೂರನೆಯ ಸಾಲಿನ ಹೊತ್ತಿಗೆ ನಗು ನಿಂತಿತು. ಶಹಾಬಾದಿನಿಂದ ಬಂದಿದ್ದ ಖಣಿಯವನೊಬ್ಬನಿಗೆ ಆ ಪದ ಗೊತ್ತಿತ್ತು. ಮೊದಲರ್ಧ ಹಾಡಲು ಅವನು ಬಾಯಿ ತೆರೆದ. ಪಕ್ಕದಲ್ಲಿದ್ದ ಫಕೀರ ಅವನ ಮೊಣಕಾಲ ಮೇಲೆ ಕೈಯಿಟ್ಟು ಬೇಡ ಎಂದು ತಲೆಯಾಡಿಸಿದ. ಬುರ್ರಕಥೆಯವರು ಡಕ್ಕಿಯ ಮೇಲೆ ಮೆಲ್ಲಗೆ ತಾಳ ಕೂಡಿಸಿದರು. ಪದ ಮುಗಿಯುವ ತನಕ ಖಾಲಿ ಸಾಲುಗಳಲ್ಲಿ ಆ ಡಕ್ಕಿಯ ಸದ್ದೊಂದೇ ಕೇಳುತ್ತಿತ್ತು. ಮಾಮಾ ಇಳಿದು ಬಂದು ನೀರು ಕುಡಿದರು.

ಮರುದಿನ ಬೆಳಿಗ್ಗೆ ಅವರನ್ನು ಕಳಿಸಲು ಸೇಡಂ ಸ್ಟೇಷನ್ನಿಗೆ ಹೋದೆ. ಹೈದರಾಬಾದ್ ಕಡೆಯಿಂದ ಬರುವ ಗಾಡಿ ತಡವಾಗಿತ್ತು. ಇಬ್ಬರೂ ಬೆಂಚಿನ ಮೇಲೆ ಕೂತೆವು. ನನಗೆ ತಡೆಯಲಾಗಲಿಲ್ಲ. ಮಹಬೂಬ್‌ಸಾಬನ ಸಾಲುಗಳೆಲ್ಲ ನಿಮಗೆ ಬಾಯಿಪಾಠ, ಅವನು ಬರದಿದ್ದರೇನು, ಅವನ್ನೂ ನೀವೇ ಹಾಡಬಹುದಿತ್ತಲ್ಲ ಮಾಮಾ, ಜನಕ್ಕೆ ಪೂರ್ತಿ ಪದ ಕೇಳುತ್ತಿತ್ತು ಎಂದೆ.

ಮಾಮಾ ಬೆಂಚಿನಿಂದ ಎದ್ದು ಗಾಡಿ ಬರುವ ದಿಕ್ಕಿಗೆ ಇಣುಕಿ ನೋಡಿದರು.

"ಅವನ ಸಾಲು ನಾನ ಹಾಡಿ ಮುಗಿಸಿಬಿಟ್ರ," ಎಂದರು, "ಅಂವ ಬಂದಾಗ ಏನ್ ಹಾಡ್ಬೇಕು, ಅಳಿಯಾ?"