ಅಡ್ಡಗೆರೆ ಹಾಕಿದ ಕ್ಷಮಾಪಣೆ

ಮೇಂಗ್ ಸೊಕ್‌ಜುವಿನ ಕೈಯಿಂದ ಜಾರಿದ್ದು ಒಂದೇ ಒಂದು ಬಾಟಲಿ. ಆದರೆ ಅದರೊಳಗಿದ್ದದ್ದು ಹುಳಿಬರಿಸಿದ ಮೀನಿನ ರಸ, ಒಡೆದದ್ದು ಅಪಾರ್ಟ್‌ಮೆಂಟಿಗಿದ್ದ ಒಂದೇ ಲಿಫ್ಟಿನಲ್ಲಿ. ಎಷ್ಟು ಉಜ್ಜಿದರೂ ನಾತ ಮನೆ ಅಳಿಯನ ಹಾಗೆ ಅಲ್ಲೇ ಠಿಕಾಣಿ ಹೂಡಿತು.

ಸೊಕ್‌ಜು ಕೊರಿಯಾದ ಬೂಸಾನ್ ನಗರದ ಪ್ರಕಾಶನವೊಂದರಲ್ಲಿ ಕರಡು ತಿದ್ದುವವನು, ಮರ್ಯಾದಸ್ಥ. ಲಿಫ್ಟಿನೊಳಗೆ ಅಚ್ಚು ಹಾಕಿದ ಒಂದು ಚೀಟಿ ಅಂಟಿಸಿದ: "ನನ್ನಿಂದ ಎಲ್ಲರಿಗೂ ತೊಂದರೆಯಾಯಿತು — ಮನಸಾರೆ ಕ್ಷಮೆ ಕೋರುತ್ತೇನೆ."

ಕಸ ಹಾಕಲು ಇಳಿದಾಗ ಕೆಳಗೆ ಲಿಫ್ಟಿನ ಮುಂದೆ ಸಭೆಯೇ ಸೇರಿತ್ತು. ನಡುವೆ ಟ್ಯೂಷನ್ ಮೇಷ್ಟ್ರು ಹ್ಯೊನ್, ಒಂದು ಕೈ ಮೂಗಿನ ಮೇಲೆ, ಇನ್ನೊಂದರಲ್ಲಿ ಲಿಫ್ಟಿನಿಂದ ಕಿತ್ತ ಚೀಟಿ.

"ನೋಡಿ ಈ ಅಡ್ಡಗೆರೆ! ಮನುಷ್ಯರು ಹಾಕ್ತಾರಾ ಇದನ್ನ? ಹುಡುಗರು ಎ.ಐ. ಯಂತ್ರದ ಕೈಲಿ ಪ್ರಬಂಧ ಬರೆಸಿದ್ರೆ ನಾನು ಹಿಡಿಯೋದೇ ಇದರಿಂದ."

"ಅಯ್ಯೋ ಕರ್ಮವೇ," ಎಂದಳು ನಿವಾಸಿಗಳ ಸಂಘದ ಅಧ್ಯಕ್ಷೆ ಪ್ಯೊ ಅಜ್ಜಿ. "ನಾತ ಕುಡಿಯೋಕೆ ನಾವು, ಕ್ಷಮೆ ಕೇಳೋಕೆ ಯಂತ್ರ!"

"ಇಲ್ಲಜ್ಜಿ, ನಾನೇ ಬರ್ದಿದ್ದು. ಇಪ್ಪತ್ತು ವರ್ಷದಿಂದ ಅಡ್ಡಗೆರೆ ಹಾಕ್ತಿದೀನಿ."

"ಓಹೋ, ಹಾಗಾದ್ರೆ ಯಂತ್ರವೇ ನಿಮ್ಮತ್ರ ಕಲೀತು ಅನ್ನಿ!" ಎಂದರು ಮೇಷ್ಟ್ರು. ಎಲ್ಲರೂ ಘೊಳ್ಳೆಂದರು.

ಸೊಕ್‌ಜು ಮೇಲೆ ಹೋಗಿ, ಅಡ್ಡಗೆರೆ ಇಲ್ಲದೆ, ಕೈಯಾರೆ ಬರೆದು ತಂದ.

"ಗೆರೆ ತೆಗಿ ಅಂತ ಯಂತ್ರಕ್ಕೆ ಹೇಳಿ, ನೋಡ್ಕೊಂಡು ಬರ್ದಿದಾರೆ," ಎಂದರು ಮೇಷ್ಟ್ರು. "ಅಲ್ಪವಿರಾಮ ಒಂದಾದ್ರೂ ತಪ್ಪಿದೆಯಾ?"

ಮೂರನೆಯ ಚೀಟಿಯಲ್ಲಿ ಬೇಕೆಂದೇ ತಪ್ಪು ಮಾಡಿದ. ಒಂದೊಂದು ತಪ್ಪಿಗೂ ತನ್ನ ಹಲ್ಲು ತಾನೇ ಕಿತ್ತುಕೊಂಡಷ್ಟು ಸಂಕಟ.

"ಕರಡು ತಿದ್ದೋರು ಅಕ್ಷರ ತಪ್ತಾರಾ? ನಾಟಕ!" ಎಂದರು ಮೇಷ್ಟ್ರು.

ಅಜ್ಜಿ ಸೊಕ್‌ಜುವಿನ ಕಡೆ ತಿರುಗಿ ಕಡ್ಡಿ ಮುರಿದಂತೆ ಹೇಳಿದಳು: "ಹದಿನಾಲ್ಕನೇ ಮಹಡಿಯವರೇ, ಸಂಜೆಯೊಳಗೆ ಮನಸ್ಸಿಂದ ಬರ್ದಿದ್ದು ತನ್ನಿ. ಇಲ್ದಿದ್ರೆ ಸಂಘದ ಸಭೇಲಿ ಎಲ್ಲರ ಮುಂದೆ ನಿಂತು ಉತ್ತರ ಹೇಳಬೇಕಾಗುತ್ತೆ."

ಸೊಕ್‌ಜುವಿಗೆ ರೋಸಿಹೋಯಿತು. ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದ. ಕಂಪ್ಯೂಟರಿನಲ್ಲಿ ಆ ಯಂತ್ರವನ್ನು ತೆರೆದು, "ಮನುಷ್ಯ ಬರೆದ ಹಾಗೆ, ಕರುಳು ಕಿತ್ತುಬರುವಂತೆ ಕ್ಷಮೆ ಕೇಳು. ಅಡ್ಡಗೆರೆ ಬೇಡ," ಎಂದ. ಬಂದದ್ದು ಎರಡು ಪುಟ. ಆ ಬರಹವನ್ನು ಓದುವುದೂ ಅವಮಾನವೆನಿಸಿ, ಹಾಗೇ ಅಚ್ಚು ಹಾಕಿ, ಕೆಳಗೆ ಲಿಫ್ಟಿನ ಬಾಗಿಲ ಪಕ್ಕ ಅಂಟಿಸಿ ಹೊರಗೆ ಹೋದ.

ಸಂಜೆ ಮರಳಿದಾಗ ಅಜ್ಜಿ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೇಷ್ಟ್ರು ಬಂದು ಅವನ ಕೈ ಹಿಡಿದರು.

"ತಪ್ಪು ತಿಳ್ಕೊಂಡಿದ್ದೆ ಸಾರ್. ಇದು ಅಪ್ಪಟ ಮನುಷ್ಯರ ಮಾತು. ಯಂತ್ರಕ್ಕೆ ಸಾಯೋವರೆಗೂ ಬರಲ್ಲ."

ಸೊಕ್‌ಜು ತಲೆ ತಗ್ಗಿಸಿ, ಎಲ್ಲರಿಗೂ ವಂದಿಸಿ, ನಿರಾಳವಾಗಿ ಲಿಫ್ಟಿನ ಗುಂಡಿಯತ್ತ ಬೆರಳು ಚಾಚಿದ. ಅಜ್ಜಿ ಗಬಕ್ಕನೆ ಅವನ ತೋಳು ಹಿಡಿದಳು.

"ಏನ್ರೀ ಇದು, ಇಷ್ಟು ಬೇಗ ಮರ್ತುಬಿಟ್ರಾ?"

"ಏನಜ್ಜಿ?"

ಅಜ್ಜಿ ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದಳು: "ಪ್ರಾಯಶ್ಚಿತ್ತವಾಗಿ ನಾನು ಒಂದು ವರ್ಷ ಈ ಲಿಫ್ಟನ್ನು ಹತ್ತುವುದಿಲ್ಲ."

ಸೊಕ್‌ಜು ಬಾಯಿ ತೆರೆದ. ಅದು ಯಂತ್ರ ಬರೆದದ್ದು ಎನ್ನಬೇಕೆಂದುಕೊಂಡ. ಒದ್ದೆಗಣ್ಣಿನ ಅಷ್ಟೂ ಮುಖಗಳನ್ನು ನೋಡಿ, ಚಾಚಿದ ಬೆರಳನ್ನು ಹಿಂತೆಗೆದುಕೊಂಡ.

"ದಾರಿ ಬಿಡ್ರಪ್ಪಾ," ಎಂದರು ಮೇಷ್ಟ್ರು, ಮೆಟ್ಟಿಲಿನ ಬಾಗಿಲನ್ನು ಭಕ್ತಿಯಿಂದ ತೆರೆದು ಹಿಡಿದು.