ಮಾವನ ಬಿಸಿಲು ಆಂಟೆನಾ

ಸಾದಲಿಯ ನಮ್ಮ ಸೋದರಮಾವನ ಕೈಗೆ ಸಿಕ್ಕಿಯೂ ಕೆಡದೆ ಉಳಿದವರು ನಮ್ಮ ಅತ್ತೆಯೊಬ್ಬರೇ ಎಂದರೆ ನೀವು ನಂಬಬೇಕು! ಮಿಕ್ಸಿ, ಸೈಕಲ್ಲು, ಗೋಡೆ ಗಡಿಯಾರ, ಎಲ್ಲಕ್ಕೂ ರಿಪೇರಿ ಮಾಡಿಯೇ ಮೋಕ್ಷ ಕೊಟ್ಟಿದ್ದರು.

ಎರಡು ಸಾವಿರದ ಇಸವಿ ದಾಟಿದ ಹೊಸದು. ಕರೆಂಟು ಊರಿಗೆ ನೆಂಟರ ಹಾಗೆ ಬಂದು ಹೋಗುತ್ತಿತ್ತು. ಮಾವ ಎಲ್ಲಿಂದಲೋ ಸೋಲಾರ್ ಹಲಗೆಯೊಂದನ್ನು ತಂದು, ಮಾಳಿಗೆಯ ಮೇಲಿನ ಟಿ.ವಿ. ಆಂಟೆನಾಕ್ಕೇ ವೆಲ್ಡಿಂಗ್ ಮಾಡಿಸಿಬಿಟ್ಟರು. ಕರೆಂಟು ಹೋದಾಗ ಓಡಲೆಂದು ವೈರು ನೇರ ಪುಟ್ಟ ಟಿ.ವಿ.ಗೆ. ಬ್ಯಾಟರಿಯನ್ನು ಹಿಂದಿನ ವಾರವೇ ರಿಪೇರಿ ಮಾಡಿ ಮುಗಿಸಿದ್ದರಲ್ಲ!

"ಬಿಸಿಲೂ ಮೇಲಿಂದಾನೇ ಬರುತ್ತೆ, ಚಿತ್ರಾನೂ ಮೇಲಿಂದಾನೇ ಬರುತ್ತೆ. ಎರಡೆರಡು ಯಾಕಪ್ಪ ಬೇಕು?" ಎಂದು ನನ್ನನ್ನೇ ಕೇಳಿದರು.

ತೊಂದರೆ ಇಷ್ಟೇ. ಟಿ.ವಿ. ಸ್ಟೇಷನ್ನು ಬೆಂಗಳೂರಿನಲ್ಲೇ ಕೂತಿತ್ತು, ಸೂರ್ಯ ಕೂರಲಿಲ್ಲ. ಯಂತ್ರವನ್ನು ಸೂರ್ಯನತ್ತ ತಿರುಗಿಸಿದರೆ ಟಿ.ವಿ. ಹತ್ತಿಕೊಂಡು ಬರೀ ಚುಕ್ಕಿ ಚುಕ್ಕಿ. ಬೆಂಗಳೂರಿನತ್ತ ತಿರುಗಿಸಿದರೆ ಟಿ.ವಿ.ಯೇ ಆರಿಹೋಗುತ್ತಿತ್ತು!

"ರೀ, ಎರಡನ್ನೂ ಬೇರೆ ಮಾಡ್ರಿ," ಎಂದರು ಅತ್ತೆ.

"ಕೂಡಿಸಿದ್ದನ್ನ ಬಿಡಿಸಬಾರದು ಕಣೇ!"

ಅಷ್ಟರಲ್ಲಿ ಅತ್ತೆಯೇ ಟಿ.ವಿ.ಯಲ್ಲಿ ಬರುವುದೆಂದಾಯಿತು. ರೇಷ್ಮೆ ಹುಳು ಸಾಕುವುದರಲ್ಲಿ ಅವರದ್ದು ಎತ್ತಿದ ಕೈ. ಟಿ.ವಿ.ಯವರು ಹುಳು ಮನೆಗೇ ಬಂದು ಮಾತಾಡಿಸಿಕೊಂಡು ಹೋಗಿದ್ದರು. ಪ್ರಸಾರ ಒಂದೇ ಸಲ, ಬೆಳಿಗ್ಗೆ ಎಂಟೂವರೆಗೆ. ಅತ್ತೆ ಹೊಸ ಸೀರೆ ಉಟ್ಟು ಕೂತರು, ಟಿ.ವಿ.ಯೇ ಅವರನ್ನು ನೋಡುತ್ತದೇನೋ ಎಂಬಂತೆ! ಕೇರಿಯ ಹೆಂಗಸರೆಲ್ಲ ಸೇರಿದರು. ಎಂಟೂಕಾಲಿಗೆ ಕರೆಂಟು ಹೋಯಿತು.

ಸೂರ್ಯ ಪೂರ್ವದಲ್ಲಿ, ಬೆಂಗಳೂರು ಇನ್ನೊಂದು ದಿಕ್ಕಿನಲ್ಲಿ. ಅತ್ತೆಯ ಮುಖ ಸಣ್ಣದಾಯಿತು. "ಹೋಗ್ಲಿ ಬಿಡ್ರಿ, ನನ್ ಮುಖ ನಾನ್ ನೋಡಿಲ್ವಾ," ಎಂದರು. ಮಾವ ಬೀರುವಿನ ನಿಲುಗನ್ನಡಿಯನ್ನು ಕಿತ್ತುಕೊಂಡು ಮಾಳಿಗೆ ಹತ್ತಿದರು. ಆಂಟೆನಾವನ್ನು ಬೆಂಗಳೂರಿಗೆ ತಿರುಗಿಸಿ, ಕನ್ನಡಿ ಹಿಡಿದು ಬಿಸಿಲನ್ನು ಹಲಗೆಯ ಮೇಲೆ ಬೀಳಿಸಿದರು. ಕೆಳಗೆ ಟಿ.ವಿ. ಹತ್ತಿತು!

"ಅಮ್ಮೋ, ನೀನೇ ಕಣಕ್ಕಾ!" ಎಂದು ಹೆಂಗಸರು ಕೂಗಿದರು.

ಮುಗಿಯುವವರೆಗೂ ಮಾವ ಕನ್ನಡಿ ಎತ್ತಿಕೊಂಡು ನಿಂತೇ ಇದ್ದರು. ಕೈ ಅಲುಗಿದರೆ ಅತ್ತೆ ಆರಿಹೋಗುತ್ತಿದ್ದರು! ಇಳಿದು ಬಂದಾಗ ಬಿಸಿಲ ಝಳಕ್ಕೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು.

"ಟಿ.ವಿ.ಲಿ ಏನಂದೆ?" ಎಂದು ಕೇಳಿದರು.

ನೋಡದೆ ಉಳಿದವರು ಅವರೊಬ್ಬರೇ ಎಂದು ಆಗಲೇ ನಮಗೆ ಹೊಳೆದದ್ದು. ಅತ್ತೆ ಅವರನ್ನು ಜಗಲಿಯ ಮೇಲೆ ಕೂರಿಸಿದರು. ಸೆರಗು ಸರಿ ಮಾಡಿಕೊಂಡು ಎದುರಿಗೆ ನಿಂತು, "ಎಲ್ಲರಿಗೂ ನಮಸ್ಕಾರ. ನಮ್ಮದು ಸಾದಲಿ..." ಎಂದು ಮೊದಲಿಂದ ಶುರುಮಾಡಿದರು.

ಮಾವ ಕಣ್ಣೊರೆಸಿಕೊಳ್ಳುತ್ತಾ ಅಂದರು, "ಚೆನ್ನಾಗ್ ಬರ್ತಿದೆ ಕಣೇ. ಕ್ಲಿಯರ್ರಾಗಿದೆ."