ಲೈಬ್ರರಿ ಮಾವನ ಎರಡು ನಿಮಿಷ

ಮೈಕು ಕಿರುಚಬಹುದಿತ್ತು. ಮಾವ ಆ ಮೈಕನ್ನೇ ಪಕ್ಕಕ್ಕೆ ಸರಿಸಿ, ಬರಿಗಂಟಲಲ್ಲಿ ಮಧ್ಯಾಹ್ನದವರೆಗೆ ಮಾತಾಡಬಹುದಿತ್ತು. ಮುಖ್ಯ ಅತಿಥಿಗಳಿಗೆ "ಬೂಟು ಬಿಚ್ಚಿ, ಕಾಲು ತೊಳ್ಕೊಂಡು ಬನ್ನಿ" ಎಂದು ಎಲ್ಲರೆದುರು ಅಪ್ಪಣೆ ಕೊಡಬಹುದಿತ್ತು. ಸೆಂಟು ಹಾಕಿಕೊಂಡು ಬಂದ ಗಣ್ಯರನ್ನು ಬಾಗಿಲಲ್ಲೇ ತಡೆಯಬಹುದಿತ್ತು. ಶಾಮಿಯಾನ ಕುಸಿಯಬಹುದಿತ್ತು. (ಇದಕ್ಕೂ ಮಾವನಿಗೂ ಸಂಬಂಧವಿಲ್ಲ. ಯಾವ ಶಾಮಿಯಾನವಾದರೂ ನನ್ನ ಕಣ್ಣಿಗೆ ಈಗಲೋ ಆಗಲೋ ಎಂಬಂತೆಯೇ ನಿಂತಿರುತ್ತದೆ.) ಮಾವನ ಲೈಬ್ರರಿಯ ಹೊಸ ಕಟ್ಟಡದ ಉದ್ಘಾಟನೆಗೆಂದು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿ ಶಿಡ್ಲಘಟ್ಟದಲ್ಲಿ ಇಳಿಯುವಷ್ಟರಲ್ಲಿ ಈ ಅನಾಹುತಗಳನ್ನೆಲ್ಲ ಮನಸ್ಸಿನಲ್ಲೇ ನಡೆಸಿ, ಒಂದೊಂದಕ್ಕೂ ಕ್ಷಮೆ ಕೇಳಿ, ಅಂಗಿ ಒದ್ದೆ ಮಾಡಿಕೊಂಡಿದ್ದೆ.

ನೀವು ಗಾಬರಿಯಾಗಬೇಡಿ. ನನ್ನ ಸೋದರಮಾವ ಪುಂಡರೇನಲ್ಲ. ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಸಾಧು. ಆದರೆ ಈ ಭೂಮಂಡಲದಲ್ಲಿ ಪುಸ್ತಕಗಳನ್ನು ರೇಷ್ಮೆಹುಳುಗಳ ಹಾಗೆ ಸಾಕಿದ ಮನುಷ್ಯ ಅವರೊಬ್ಬರೇ ಎಂದು ಬೇಕಾದರೆ ಬರೆದುಕೊಡುತ್ತೇನೆ!

ಅವರು ಹುಟ್ಟಿದ್ದು ಹುಳು ಸಾಕುವ ಮನೆಯಲ್ಲಿ. ಆ ಮನೆಗಳ ಮಡಿಯ ಮುಂದೆ ಬೇರೆ ಮಡಿಯೆಲ್ಲ ಯಾವ ಲೆಕ್ಕ? ಚಪ್ಪಲಿ ಆಚೆ, ಕೈಕಾಲು ತೊಳೆದೇ ಒಳಗೆ, ಬೀಡಿ ಸೇದಿದವನು ಅಂಗಳದಲ್ಲೇ, ಒಗ್ಗರಣೆಯ ಘಾಟು ಕೂಡ ಅತ್ತ ಸುಳಿಯಬಾರದು. ಕೆಲಸ ಸಿಕ್ಕಿದ್ದೇ ತಡ, ಮಾವ ಈ ಕಾಯಿದೆಯನ್ನೆಲ್ಲ ಲೈಬ್ರರಿಗೆ ತಂದರು. ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆನೆಸಿದ ಗೋಣಿಚೀಲ. ಅದನ್ನು ತುಳಿಯದವರಿಗೆ ಅಂದಿನ ಪೇಪರು ಕೂಡ ಇಲ್ಲ. ಊರಿನಲ್ಲಿ ಓದುವವರು ಯಾರೆಂದು ತಿಳಿಯಲು ಮುಖ ನೋಡಬೇಕಾಗಿರಲಿಲ್ಲ, ಬೆಳ್ಳಗಿನ ಪಾದ ನೋಡಿದರೆ ಸಾಕಿತ್ತು!

ಒಂದು ದಿನ ಅತ್ತೆ ಮಲ್ಲಿಗೆ ಮುಡಿದುಕೊಂಡು ಊಟಕ್ಕೆ ಕರೆಯಲು ಬಂದರು. ಮಾವ ಬಾಗಿಲಿಗೆ ಅಡ್ಡ ನಿಂತರು.

"ಹೂವು ಆಚೆ ಇಟ್ಟು ಬಾ ಕಣೇ, ವಾಸನೆ."

"ನಾನೂ ಆಚೇನೇ ಇರ್ತೀನಿ ಬಿಡಿ. ಮಧ್ಯಾಹ್ನ ನಿಮ್ಮ ಪುಸ್ತಕಗಳೇ ಮುದ್ದೆ ತಿರುವಿ ಹಾಕಲಿ. ನಾನು ಚಿಂತಾಮಣಿಗೆ, ನಮ್ಮಮ್ಮನ ಮನೆಗೆ ಹೋಗ್ತೀನಿ!"

ಹೋದರು ಕೂಡ. ಮಾವ ಅಂದು ಉಪವಾಸ. ಪುಸ್ತಕಗಳು ಕ್ಷೇಮ.

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ಅಲುಗಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಇದನ್ನು 'ಜ್ವರಕ್ಕೆ ಕೂತಿದೆ' ಅನ್ನುತ್ತಾರೆ. ಆಗ ಅದನ್ನು ಮುಟ್ಟುವಂತಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಲೈಬ್ರರಿಗೆ ಹೋದರೆ, ಪೇಪರನ್ನು ಮುಖದ ಮೇಲೆ ಹೊದ್ದುಕೊಂಡು ಹಿರಿಯರೊಬ್ಬರು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಹೋದೆ.

"ಏಯ್, ಮುಟ್ಬೇಡ ಕಣೋ! ಜ್ವರಕ್ಕೆ ಕೂತವ್ರೆ," ಎಂದು ಮಾವ ಪಿಸುಗುಟ್ಟಿದರು. "ಎದ್ದ ಮೇಲೆ ಹಸಿವು ಜಾಸ್ತಿ ಇರುತ್ತೆ. ದಪ್ಪ ಪುಸ್ತಕ ತೆಗೆದಿಟ್ಟಿದ್ದೀನಿ."

ಇಷ್ಟೆಲ್ಲದರ ನಡುವೆ ಮಾವನಿಗೆ ಒಂದು ಹುಚ್ಚಿತ್ತು, ಅದು ಲೈಬ್ರರಿಯ ಇತಿಹಾಸ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದಾಗಲೂ ಹೇಳುತ್ತಿದ್ದರು. ಊರಿನ ಮೇಷ್ಟ್ರುಗಳು ನಾಲ್ಕಾರು ಜನ ಸೇರಿ ಒಂದು ಬೀರು ತುಂಬ ಪುಸ್ತಕ ಕೂಡಿಸಿದರಂತೆ. ಇಡಲು ಜಾಗವಿಲ್ಲ. ದೊಡ್ಡ ಮನೆಯವರೆಲ್ಲ "ನೋಡಣ" ಎಂದರು. ತನ್ನ ಜಗಲಿ ಬಿಟ್ಟುಕೊಟ್ಟವಳು ರೇಷ್ಮೆಗೂಡಿನಿಂದ ನೂಲು ಬಿಚ್ಚಿ ಬದುಕುತ್ತಿದ್ದ ಪಾಪಕ್ಕ.

"ಇಟ್ಕೊಳ್ರಪ್ಪ, ಬಾಡಿಗೆ ಬ್ಯಾಡ. ನಾನು ನೂಲು ಬಿಚ್ಚೋವಾಗ ಯಾರಾನಾ ಒಂದಷ್ಟು ಓದಿ ಹೇಳಿ, ಸಾಕು."

ಆಗಿನ್ನೂ ಕೆಲಸವಿಲ್ಲದ ಮಾವನಿಗೆ ಆ ಹೊಣೆ ಬಿತ್ತು. ರಾಟೆಯ ಸದ್ದನ್ನು ಮೀರಿಸಿ ದಿನವೂ ಕೂಗಿ ಓದುವುದು. ಪಾಪಕ್ಕ ಸುಮ್ಮನೆ ಕೇಳುವವಳೇ?

"ಆ ಹುಡುಗೀನ ಅವನಿಗೆ ಕೊಡ್ಬ್ಯಾಡ್ರಿ ಅಂತ ಹೇಳೋ!"

"ಕೊಟ್ಟಾಯ್ತಲ್ಲ ಪಾಪಕ್ಕ. ಅಚ್ಚಾಗೋಗಿದೆ."

"ಹಂಗಾದ್ರೆ ಆ ಹಾಳೆ ಬಿಟ್ಟು ಓದು."

ಹೀಗೆ ಒಂದಿಡೀ ಬೀರುವನ್ನು ಪಾಪಕ್ಕ ಕಿವಿಯಿಂದಲೇ ಓದಿ ಮುಗಿಸಿದಳು. ಆಮೇಲೆ ಬೀರು ಎರಡಾಯಿತು, ಹತ್ತಾಯಿತು. ಲೈಬ್ರರಿ ಗೂಡಿನ ಮಾರುಕಟ್ಟೆಯ ಹಿಂದಿನ ಒಂದು ಬಾಡಿಗೆ ಮಹಡಿಗೆ ಹೋಯಿತು. ಮಾವನೂ ಜೊತೆಗೇ ಹೋದರು, ಈ ಸಲ ಸಂಬಳದ ಮೇಲೆ. ಒಂದು ಮಳೆಗಾಲ ಆ ಮಹಡಿ ಸೋರಿತು. ನೆಂದ ಪುಸ್ತಕಗಳನ್ನು ಮಾವ ಚಂದ್ರಿಕೆಗಳಲ್ಲಿ, ಅಂದರೆ ಹುಳು ಗೂಡು ಕಟ್ಟುವ ಬಿದಿರ ತಟ್ಟಿಗಳಲ್ಲಿ, ಬೀದಿಯುದ್ದಕ್ಕೂ ಒಣಹಾಕಿದರು. ಗೂಡು ಕೊಳ್ಳಲು ಬಂದವನೊಬ್ಬ ನಿಂತು ನೋಡಿದ.

"ಏಂ ಸಾರ್, ಈ ಸಲ ಗೂಡು ಚೌಕಾಕಾರ ಬಂದೈತಲ್ಲ! ಯಾವ ತಳಿ?"

"ಕಾದಂಬರಿ ಕಣಪ್ಪ. ನೂಲು ಬೇಜಾನ್ ಬರುತ್ತೆ. ಬಿಚ್ಚೋನಿಗೆ ತಾಳ್ಮೆ ಇರ್ಬೇಕು."

ಈಗ ಲೈಬ್ರರಿಗೆ ಸ್ವಂತ ಕಟ್ಟಡವಾಗಿದೆ. ಉದ್ಘಾಟನೆಯ ಆಹ್ವಾನಪತ್ರಿಕೆ ನೋಡಿದರೆ ಲೈಬ್ರರಿ ಅವತ್ತೇ ಹುಟ್ಟಿದಂತಿತ್ತು. ಹಳೆಯದನ್ನು ಹೇಳಲು ಅವಕಾಶ ಕೊಡಿ ಎಂದು ಮಾವ ಕೋಲೂರಿಕೊಂಡು ಹೋಗಿ ಕೇಳಿದರು. ಕಾರ್ಯಕ್ರಮ ನಡೆಸುವವರು ಎರಡು ನಿಮಿಷ ಮಾತಾಡಿ ಎಂದರಂತೆ.

"ಸಾಕು," ಎಂದು ಮಾವ ನನಗೆ ಹೇಳಿದರು. "ಪಾಪಕ್ಕನ ಹೆಸರು ಒಂದು ಸಲ ಮೈಕಲ್ಲಿ ಕೇಳಿಸ್ಬೇಕು ಕಣಪ್ಪ, ಅಷ್ಟೇ. ನಾನು ಹೋದ ಮೇಲೆ ಅದನ್ನ ಹೇಳೋರು ಯಾರೂ ಇಲ್ಲ."

"ಎರಡು ನಿಮಿಷ ಇವರಿಗೆ ಕೆಮ್ಮೋಕೇ ಬೇಕು!" ಎಂದರು ಅತ್ತೆ. ಆದರೂ ವಾರವಿಡೀ ಅಡುಗೆಮನೆಯಲ್ಲಿ ಗಡಿಯಾರ ಹಿಡಿದು ನಿಂತವರು ಅವರೇ. ಮೊದಲ ದಿನ ಭಾಷಣ ಮುಗಿಯುವಷ್ಟರಲ್ಲಿ ಬೇಳೆ ಸೀದಿತ್ತು. ಕೊನೆಗೆ ಹಾಲು ಉಕ್ಕುವುದರೊಳಗೆ ಮುಗಿಯುವ ಹಾಗಾಯಿತು. ಪ್ರತಿ ಕಡಿತದಲ್ಲೂ ಲೈಬ್ರರಿಯ ಒಂದೊಂದು ಕಾಲ ಹೋಯಿತು, ಪಾಪಕ್ಕ ಮಾತ್ರ ಉಳಿದಳು.

ಆ ದಿನ ಬಂತು. ನಾನು ಹೆದರಿದ್ದು ಒಂದೂ ಆಗಲಿಲ್ಲ. ಮೈಕು ಸಕ್ಕರೆಯಂತೆ ಮಾತಾಡಿತು. ಶಾಮಿಯಾನ ಬಂಡೆಯಂತೆ ನಿಂತಿತು. ಮುಖ್ಯ ಅತಿಥಿಗಳು ಹೊಸ ಟೈಲ್ಸ್ ಕಂಡು ತಾವಾಗಿಯೇ ಬೂಟು ಬಿಚ್ಚಿದರು! ಇಸ್ತ್ರಿ ಪಂಚೆಯುಟ್ಟ ಮಾವ ಮೂರನೇ ಸಾಲಿನಲ್ಲಿ, ತುಟಿ ಅಲ್ಲಾಡಿಸುತ್ತಾ ಕೂತಿದ್ದರು. ಭಾಷಣಗಳಾದವು. ಹಾರಗಳಾದವು. ವಂದನಾರ್ಪಣೆಯಾಯಿತು. ರಾಷ್ಟ್ರಗೀತೆಗೆ ಎದ್ದು ನಿಂತೆವು. ಜನ ಉಪ್ಪಿಟ್ಟು, ಕೇಸರಿಬಾತಿನ ಕಡೆಗೆ ನಡೆದರು.

ತಪ್ಪಿದ್ದು ಒಂದೇ ಒಂದು ಸಣ್ಣ ವಿಷಯ. ನಿರೂಪಕರು ಮಾವನ ಹೆಸರು ಕರೆಯುವುದನ್ನು ಮರೆತಿದ್ದರು.

ಹೋಟೆಲಿನಲ್ಲಿ ತಣ್ಣಗಿನ ಕಾಫಿ ಕೊಟ್ಟರೂ ಥ್ಯಾಂಕ್ಸ್ ಹೇಳಿ ಕುಡಿಯುವ ನಾನು, ಅಂದು ಜಗಳಕ್ಕೆಂದು ಎದ್ದೆ. ಮಾವ ನನ್ನ ಅಂಗಿಯ ಚುಂಗು ಹಿಡಿದು ಜಗ್ಗಿದರು.

"ಬಿಡಪ್ಪ. ಪಾಪ, ಅವರಿಗೆ ಎಷ್ಟು ಕೆಲಸ ಇರುತ್ತೆ."

ನಕ್ಕರು. ಆದರೆ ತುಟಿಗಳು ಇನ್ನೂ ಅಲ್ಲಾಡುತ್ತಲೇ ಇದ್ದವು, ಅವಕ್ಕೆ ಯಾರೂ ಕಾರ್ಯಕ್ರಮ ಮುಗಿಯಿತೆಂದು ಹೇಳಿರಲಿಲ್ಲ. ನಾನು ಅವರ ಪಕ್ಕದ ಕುರ್ಚಿಯನ್ನು ಎದುರಿಗೆ ತಿರುಗಿಸಿಕೊಂಡೆ.

"ಮಾವ, ಈ ಪಾಪಕ್ಕ ಅನ್ನೋರು ಯಾರು?"

ಹುಟ್ಟಿದಾಗಿನಿಂದ ಆ ಕಥೆ ಕೇಳಿದವನನ್ನು ಮಾವ ಕನ್ನಡಕದ ಮೇಲಿಂದ ಒಂದು ಗಳಿಗೆ ನೋಡಿದರು. ಕಣ್ಣು ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡರು.

"ಕೂತ್ಕೊ, ಹೇಳ್ತೀನಿ," ಎಂದರು.